ಕಾಳಿ ಕಡಲು ಸೇರುವಲ್ಲಿ

ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ನಮ್ಮ ಉತ್ತರ ಪಿನಾಕಿನಿ ಗೌರಿಬಿದನೂರಿನ ಬಳಿ ವರ್ಷದ ಬಹುಕಾಲ ಬರಿಯ ಮರಳಿನ ಹಾದಿ. ಅದು ನೆಲ್ಲೂರು ಸೀಮೆಯಲ್ಲಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆಂದು ತರಗತಿಯ ನಕ್ಷೆಯಲ್ಲಿ ಎಷ್ಟೋ ಬಾರಿ ತೋರಿಸಿದ್ದೇನೆ. ಆದರೆ ನದಿಯೊಂದು ಕಡಲು ಸೇರುವುದನ್ನು ಕಣ್ಣಾರೆ ಕಂಡದ್ದು 2018ರ ನವೆಂಬರಿನಲ್ಲಿ, ಶಿಡ್ಲಘಟ್ಟದ ಗೆಳೆಯರೊಬ್ಬರೊಡನೆ ಕಾರವಾರಕ್ಕೆ ಹೋದಾಗ.

ಹತ್ತು ಜನ ಕೂರುವ ಸಣ್ಣ ಯಂತ್ರದ ದೋಣಿ. ಕಾಳಿಯ ಅಳಿವೆಯ ದಡದಲ್ಲಿ ಕಾಂಡ್ಲಾ ಕಾಡು. ಅದರ ಬೇರುಗಳು ಉಸಿರಾಡಲೆಂದು ಕೆಸರಿನಿಂದ ಮೇಲೆದ್ದು ನಿಂತಿದ್ದವು. ಬೇರುಗಳ ಸಂದಿನಲ್ಲಿ ಏಡಿಗಳು, ಆಕಾಶದಲ್ಲಿ ಬಿಳಿತಲೆಯ ಗರುಡ. ದೋಣಿ ಕೂರ್ಮಗಡ ದ್ವೀಪದತ್ತ ತಿರುಗಿದಾಗ ಡಾಲ್ಫಿನ್ನುಗಳ ಬೂದು ಬೆನ್ನುಗಳು ಎರಡು ಬಾರಿ ತೋರಿ ಮರೆಯಾದವು.

ಗೆಳೆಯರು ಮಾತ್ರ ನೀರನ್ನೇ ನೋಡುತ್ತಿದ್ದರು. ಅವರ ಹಿಪ್ಪುನೇರಳೆ ತೋಟದ ಕೊಳವೆಬಾವಿ ಆ ವರ್ಷ ಬತ್ತಿತ್ತು. "ಇಷ್ಟು ಸಿಹಿನೀರು ಸುಮ್ಮನೆ ಉಪ್ಪಿನ ಪಾಲಾಗುತ್ತಿದೆಯಲ್ಲ, ಮೇಷ್ಟ್ರೇ" ಎಂದರು. ದೋಣಿಯವನು ನಕ್ಕು, "ಇದು ಬರದಿದ್ದರೆ ನಮಗೆ ಮೀನೆಲ್ಲಿ ಸಾರ್?" ಎಂದ. ಸಿಹಿಯೂ ಉಪ್ಪೂ ಬೆರೆಯುವಲ್ಲಿಯೇ ಎಷ್ಟೋ ಮೀನುಗಳ ಮರಿಗಳು ಬೆಳೆಯುತ್ತವೆ. ಮೀನಿದ್ದಲ್ಲಿಗೆ ಡಾಲ್ಫಿನ್ನೂ ಬರುತ್ತದೆ.

2024ರ ಸೆಪ್ಟೆಂಬರಿನಲ್ಲಿ ಎತ್ತಿನಹೊಳೆ ಯೋಜನೆಯ ಮೊದಲ ಹಂತ ಉದ್ಘಾಟನೆಯಾದಾಗ ಆ ಇಬ್ಬರ ಮಾತೂ ನೆನಪಾಯಿತು. ಪಶ್ಚಿಮಕ್ಕೆ ಹರಿಯುವ ಆ ನೀರಿಗಾಗಿ ನಮ್ಮ ಜಿಲ್ಲೆ ವರ್ಷಗಟ್ಟಲೆ ಕಾದಿದೆ. ಬಾಯಾರಿದವರು ಕಾಯುವುದು ಸಹಜವೇ. ಆ ನೀರು ಬಂದ ದಿನ ಅದನ್ನು ಕಡಲಿಗೆ ವ್ಯರ್ಥವಾಗುತ್ತಿದ್ದ ನೀರೆಂದು ಯಾರೂ ಎಣಿಸದಿರಲಿ. ಮತ್ತೊಬ್ಬರ ಅಳಿವೆಯಿಂದ ಬಂದ ಸಾಲವೆಂದು ತಿಳಿದು, ಅದಕ್ಕೆ ಮೊದಲೇ ನಮ್ಮ ಕೆರೆಗಳ ಹೂಳನ್ನು ತೆಗೆದಿಟ್ಟುಕೊಳ್ಳೋಣ.