ಏಳು ದಾಂಡುಗಳೊಡನೆ ಒಂದು ಪ್ರಯಾಣ

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ನಾನು ಮನೆ ಮಾಡಿಕೊಂಡುದು ಅಧ್ಯಾಪಕವೃತ್ತಿಯಿಂದ ನಿವೃತ್ತನಾದ ಮೇಲೆ. 1956ರಲ್ಲಿ ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಗಳಾದ ಶ್ರೀ ನಿಜಲಿಂಗಪ್ಪನವರ ಹೆಸರನ್ನು ಹೊತ್ತಿರುವ ಈ ಬಡಾವಣೆಯಲ್ಲಿ ಬೆಳಗಾದರೆ ವೃದ್ಧರ ವಾಯುಸಂಚಾರ, ಬಳಿಕ ಬೆಣ್ಣೆದೋಸೆಯ ಪರಿಮಳ, ಸಂಜೆಯಾದರೆ ಮಂಡಕ್ಕಿ ಮೆಣಸಿನಕಾಯಿ. ಮಾತೆಲ್ಲವೂ ಮಕ್ಕಳ ವಿದ್ಯೆ, ಮೆಕ್ಕೆಜೋಳದ ಧಾರಣೆ, ಮುಚ್ಚಿಹೋದ ಹತ್ತಿಯ ಗಿರಣಿಗಳು, ಇವುಗಳನ್ನು ಕುರಿತೇ ಸಾಗುವುದು. ಗಾಲ್ಫ್ ಎಂಬ ಆಟದ ಹೆಸರನ್ನು ಇಲ್ಲಿ ಯಾರೂ ಎತ್ತಿದುದನ್ನು ನಾನು ಕೇಳಿರಲಿಲ್ಲ. ಹೀಗಿರಲು ಆ ಆಟದ ಹಳೆಯ ದಾಂಡುಗಳನ್ನು ಹೆಗಲಮೇಲೆ ಹೊತ್ತು ಊರೂರು ತಿರುಗುವ ಯೋಗವು ಈ ಸಂಸ್ಕೃತ ಪಂಡಿತನಿಗೆ ಹೇಗೆ ಒದಗಿತೆಂಬುದನ್ನು ವಾಚಕರಿಗೆ ನಿವೇದಿಸುವೆನು.

ನಮ್ಮ ಎದುರುಮನೆಯಲ್ಲಿ ವಯಸ್ಸಾದ ಒಬ್ಬ ವಿಧವೆಯೂ ಅವರ ಮೊಮ್ಮಗಳೂ ಇದ್ದಾರೆ. ಆಕೆಯ ಮಾವನವರು ಕೋಲಾರದ ಚಿನ್ನದ ಗಣಿಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದವರು. 1956ರಲ್ಲಿ ಗಣಿಗಳು ಸರಕಾರದ ವಶವಾದಾಗ ಸ್ವದೇಶಕ್ಕೆ ಹಿಂದಿರುಗಿದ ಒಬ್ಬ ಆಂಗ್ಲ ಇಂಜಿನಿಯರನು ತನ್ನ ಗಾಲ್ಫ್ ಚೀಲವನ್ನು ದಾಂಡುಗಳ ಸಮೇತ ಅವರಿಗೆ ಕೊಟ್ಟುಹೋದನಂತೆ. ಆ ಚೀಲವು ಮನೆಯಿಂದ ಮನೆಗೆ ಸಾಗಿ ಕಟ್ಟಕಡೆಗೆ ಇಲ್ಲಿಯ ಅಟ್ಟವನ್ನು ಸೇರಿತ್ತು. ಮೊಮ್ಮಗಳಿಗೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸ್ಥಳ ದೊರೆತು, ಶುಲ್ಕಕ್ಕಾಗಿ ಕೈಬಳೆಗಳನ್ನು ಒತ್ತೆಯಿಡಬೇಕೆಂದು ಆಕೆಯು ಯೋಚಿಸುತ್ತಿರುವಾಗ, ಇಂಥ ಹಳೆಯ ದಾಂಡೊಂದು ಹೊರದೇಶದಲ್ಲಿ ಕೋಟಿಯ ಸಮೀಪದ ಬೆಲೆಗೆ ಹೋಯಿತೆಂದು ಯಾರೋ ಹೇಳಿಬಿಟ್ಟರು.

“ಮೇಷ್ಟ್ರೇ, ನೀವು ಓದಿದೋರು. ಇವಕ್ಕೆ ಏನು ಬೆಲೆ ಬರ್ತದೆ, ತಿಳಿದು ಹೇಳ್ರಿ. ಅಲ್ಲಿತನಕ ಬಳೆ ಕೈಯಾಗೇ ಇರಲಿ” ಎಂದು ಚೀಲವನ್ನು ನನ್ನ ಜಗಲಿಯಲ್ಲಿ ಇಳಿಸಿದರು. ನಾನೂ ಒಪ್ಪಿಕೊಂಡೆನು. ಓದಿದವನೆಂದು ಕರೆಸಿಕೊಂಡ ಮೇಲೆ ತಿಳಿಯದೆನ್ನುವುದು ಮೇಷ್ಟ್ರ ಜಾತಿಗೆ ಕಷ್ಟವಷ್ಟೆ.

ಏಳು ದಾಂಡುಗಳಿದ್ದುವು. ಐದಕ್ಕೆ ಕಬ್ಬಿಣದ ತಲೆ, ಎರಡಕ್ಕೆ ಮರದ ತಲೆ. ಕಬ್ಬಿಣದ ತಲೆಯುಳ್ಳುವುಗಳಲ್ಲಿ ಒಂದು ಮಾತ್ರ ಕಡುಗಪ್ಪಾಗಿ ತುಕ್ಕುಹಿಡಿದಿತ್ತು; ಅದರ ಮುಖದಲ್ಲಿ ಗೆರೆಯಾಗಲಿ ಚುಕ್ಕೆಯಾಗಲಿ ಇಲ್ಲದೆ ನುಣ್ಣಗಿತ್ತು. ಮಾರುವ ವಸ್ತುವು ಥಳಥಳಿಸಬೇಕೆಂದು ಬಗೆದು, ಪೇಟೆಗೆ ಒಯ್ದು, ಕತ್ತಿ ಕುಡುಗೋಲುಗಳಿಗೆ ಸಾಣೆ ಹಿಡಿಯುವವನ ಕೈಯಲ್ಲಿ ಕೊಟ್ಟೆನು. ಚಕ್ರವು ತಿರುಗಿತು, ಕಿಡಿ ಹಾರಿತು, ಕಬ್ಬಿಣವು ಬೆಳ್ಳಿಯಂತಾಯಿತು. ಸಾಣೆ ಹಿಡಿದ ಮಣಿಯು ತೆಳುವಾಗಿಯೂ ಶೋಭಿಸುವುದೆಂದು ಮೂವತ್ತು ವರುಷ ಹುಡುಗರಿಗೆ ಪಾಠ ಹೇಳಿದವನು ನಾನು. ಹೆಮ್ಮೆಯಿಂದಲೇ ಮನೆಗೆ ಬಂದೆನು.

ಮರುದಿನ ಬೆಂಗಳೂರಿನ ರೈಲು ಹತ್ತಿದೆನು. ಚಿಕ್ಕಜಾಜೂರು, ಬೀರೂರು, ಅರಸೀಕೆರೆ ಎಂದು ನಿಲ್ದಾಣಗಳು ಬರುತ್ತಲಿದ್ದುವು. ಪ್ರತಿಯೊಂದರಲ್ಲಿಯೂ ಹತ್ತಿದ ಹೊಸಬರು ನನ್ನ ಚೀಲವನ್ನು ನೋಡಿ ಏನೆಂದು ಕೇಳುತ್ತಲಿದ್ದರು. ಒಬ್ಬರು ಅದನ್ನು ಹಾಕಿಯ ಕೋಲೆಂದರು. ಇನ್ನೊಬ್ಬರು ಮೀನಿನ ಗಾಳವೆಂದು ನಿರ್ಧರಿಸಿ, ತುಂಗಭದ್ರೆಯಲ್ಲಿ ಈಗ ಮೀನು ಹೇಗೆಂದು ವಿಚಾರಿಸಿದರು. ಸಸ್ಯಾಹಾರಿಯಾದ ನಾನು ಚೀಲವನ್ನು ಸೀಟಿನ ಕೆಳಕ್ಕೆ ತಳ್ಳಿದೆನು.

ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರಲ್ಲಿ ಸ್ಥಾಪಿತವಾದುದು. ಕಲ್ಕತ್ತೆಯ ಕ್ಲಬ್ಬು ಇನ್ನೂ ಹಳೆಯದು, ಅದು 1829ರದು. ಊರಿನ ನಡುವೆ, ಸ್ಯಾಂಕಿ ರಸ್ತೆಯ ಪಕ್ಕದಲ್ಲಿ ಅಷ್ಟು ಹಸುರು ಹಬ್ಬಿರುವುದನ್ನು ಬೇಲಿಯಾಚೆಯಿಂದ ನೋಡಿ ಕಣ್ಣು ತಂಪಾಯಿತು. ನನಗೆ ಬೇಕಾಗಿದ್ದವರು ಒಳಗಿನ ಆಟಗಾರರಲ್ಲ, ಬಾಲ್ಯದಲ್ಲಿ ಆಟಗಾರರ ಚೀಲ ಹೊತ್ತು, ಆಮೇಲೆ ದಾಂಡುಗಳ ದುರಸ್ತಿಯನ್ನು ಕಲಿತು, ಈಗ ಮನೆಯಲ್ಲಿ ಕುಳಿತಿರುವ ಒಬ್ಬ ವೃದ್ಧರು. ವಿಳಾಸ ಹಿಡಿದು ಅವರ ಚಿಕ್ಕ ಮನೆಯನ್ನು ಸೇರಿದೆನು.

ಅವರು ಏಳು ದಾಂಡುಗಳನ್ನೂ ಚಾಪೆಯ ಮೇಲೆ ಸಾಲಾಗಿ ಮಲಗಿಸಿ, ಮೊದಲು ತಲೆಯನ್ನು ನೋಡದೆ ಕಾವನ್ನು ನೋಡಿದರು. ಕೊಡಲಿಯ ಕಾವಿಗೆ ನಮ್ಮವರು ದಿಂಡಿಗದ ಮರವನ್ನು ಆರಿಸುವಂತೆ, ಗಾಲ್ಫ್ ದಾಂಡಿನ ಕಾವಿಗೆ ಹತ್ತೊಂಬತ್ತನೆಯ ಶತಮಾನದಿಂದ ಅಮೆರಿಕೆಯ ಹಿಕರಿ ಎಂಬ ಮರವು ಸಲ್ಲುತ್ತಿತ್ತು. ಅದು ಬಾಗುವುದು, ಬೇಗನೆ ಮುರಿಯದು. ಉಕ್ಕಿನ ಕೊಳವೆಯ ಕಾವಿಗೆ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸಿನ ನಿಯಾಮಕರು ಒಪ್ಪಿಗೆ ಕೊಟ್ಟುದು 1929ರಲ್ಲಿ. ಆದುದರಿಂದ ಹಿಕರಿಯ ಕಾವುಳ್ಳುವುಗಳು ಬಹುಮಟ್ಟಿಗೆ ಅದಕ್ಕೆ ಹಿಂದಿನವು. ಅಂಕೆಗಳಿಂದ ಕರೆಯುವ ರೂಢಿಯೂ ಆಮೇಲೆ ಬಲವಾದುದೇ. ಮೊದಲು ಒಂದೊಂದಕ್ಕೂ ಒಂದೊಂದು ನಾಮಧೇಯವಿತ್ತು. ಕ್ಲೀಕ್, ಮ್ಯಾಶಿ, ನಿಬ್ಲಿಕ್, ಬ್ರಾಸಿ, ಸ್ಪೂನ್! ಕೇಳಿದರೆ ಯಾರದೋ ಮನೆಯ ತುಂಟ ಮಕ್ಕಳ ಅಡ್ಡಹೆಸರುಗಳಂತಿವೆ.

ಏಳರಲ್ಲಿ ಅತ್ಯಂತ ಸುಂದರವಾಗಿ, ಕಲೆಯಿಲ್ಲದ ತಿಳಿಗಂದು ಕಾವಿನಿಂದ ಕೂಡಿದ ಒಂದನ್ನು ನಾನು ಮುಂದಕ್ಕೆ ಸರಿಸಿದೆನು. ವೃದ್ಧರು ಜೇಬಿನಿಂದ ಒಂದು ಅಯಸ್ಕಾಂತವನ್ನು ತೆಗೆದು ಕಾವಿಗೆ ಹಿಡಿದರು. ಟಕ್ಕನೆ ಅಂಟಿಕೊಂಡಿತು! ಉಕ್ಕು ಬಂದ ಹೊಸದರಲ್ಲಿ ಹಳೆಯ ಆಟಗಾರರ ಕಣ್ಣಿಗೆ ಅದು ಒಗ್ಗದಿರಲು, ತಯಾರಕರು ಉಕ್ಕಿನ ಮೇಲೆ ಮರದ ಬಣ್ಣದ ಲೇಪವನ್ನು ಹೊದಿಸಿ ಮಾರಿದರಂತೆ. ಮರದ ವೇಷ ತೊಟ್ಟ ಕಬ್ಬಿಣವನ್ನು ನಾನು ರತ್ನವೆಂದು ಬಗೆದಿದ್ದೆನು.

ಬಳಿಕ ಅವರು ಕಬ್ಬಿಣದ ತಲೆಗಳ ಹಿಂಬದಿಯನ್ನು ಭೂತಗನ್ನಡಿಯಿಂದ ನೋಡತೊಡಗಿದರು. ಅಲ್ಲಿ ಕಮ್ಮಾರನ ಮುದ್ರೆಯಿರುವುದು. ಸೇಂಟ್ ಆಂಡ್ರೂಸಿನ ಟಾಮ್ ಸ್ಟುವರ್ಟನದು ಹೊಗೆಕೊಳವೆ, ಲೆವನ್ ಊರಿನ ಜಾರ್ಜ್ ನಿಕಲನದು ಕೈ, ಕಿಂಗ್‌ಹಾರ್ನಿನ ಗಿಬ್ಸನನದು ನಕ್ಷತ್ರ, ಕಾಂಡಿಯದು ಗುಲಾಬಿ. ನಮ್ಮ ಚೀಲದಲ್ಲಿ ಒಂದು ಹೊಗೆಕೊಳವೆಯೂ ಎರಡು ನಕ್ಷತ್ರಗಳೂ ದೊರೆತುವು. ನಾನು ಹಿಗ್ಗಿದುದನ್ನು ಕಂಡು ಅವರು ನಕ್ಕು, “ಸ್ವಾಮೀ, ಇವನ್ನು ಲಕ್ಷಗಟ್ಟಲೆ ಮಾಡಿದ್ದಾರೆ. ಒಳ್ಳೆಯವೇ, ಆದರೆ ಅಪರೂಪವಲ್ಲ. ಒಂದೊಂದಕ್ಕೆ ಕೆಲವು ಸಾವಿರ ಬಂದರೆ ಹೆಚ್ಚು” ಎಂದರು.

ಕೋಟಿಯ ಸುದ್ದಿಯನ್ನು ಕೇಳಿದೆನು. ಅದು ಸುಳ್ಳಲ್ಲ. 2007ರಲ್ಲಿ ಸದೆಬೀಸ್ ಎಂಬ ಹರಾಜು ಸಂಸ್ಥೆಯಲ್ಲಿ ಆಂಡ್ರೂ ಡಿಕ್ಸನ್ ಎಂಬ ಕುಶಲಿಯು ಮಾಡಿದ ಉದ್ದಮೂತಿಯ ಮರದ ಪಟರ್ ಒಂದು 1,81,000 ಡಾಲರಿಗೆ ಹೋಯಿತು. ಆದರೆ ಆ ಡಿಕ್ಸನನು ಹದಿನೇಳನೆಯ ಶತಮಾನದ ಕೊನೆಯಲ್ಲಿ ಹುಡುಗನಾಗಿದ್ದವನು, ರಾಜಕುಮಾರನೊಬ್ಬನ ದಾಂಡುಗಳನ್ನು ಹೊತ್ತವನು. ಅಂಥವು ಉಳಿದುಬರುವುದೇ ದೈವಯೋಗ. ಇಂಗ್ಲೆಂಡಿನ ಹಲ್ ಪಟ್ಟಣದ ಮನೆಯೊಂದರ ಮುಚ್ಚಿದ್ದ ಕಪಾಟಿನಲ್ಲಿ 1741ರ ವೃತ್ತಪತ್ರಿಕೆಯೊಡನೆ ಎಂಟು ದಾಂಡುಗಳು 1898ರಲ್ಲಿ ಸಿಕ್ಕಿದುವು. ಆ ಹಾಳೆಯು ಜೊತೆಗಿದ್ದುದರಿಂದಲೇ ಅವುಗಳ ಕಾಲವನ್ನು ಊಹಿಸಲು ಆಧಾರವೊಂದು ದೊರೆಯಿತು.

ಕಡೆಗೆ ಸಾಣೆ ಹಿಡಿಸಿದ ದಾಂಡನ್ನು ಎತ್ತಿಕೊಂಡರು. ಬಹಳ ಹೊತ್ತು ಮಾತಾಡಲಿಲ್ಲ. ಕಾವು ಸೇರುವ ಕೊರಳು ದಪ್ಪವಾಗಿ ಉದ್ದವಾಗಿತ್ತು. ಅದರ ಬಾಯಂಚಿನಲ್ಲಿ ಗರಗಸದ ಹಲ್ಲಿನಂತೆ ಆಳವಾದ ಕಚ್ಚುಗಳಿದ್ದುವು. ನುಣ್ಣನೆಯ ಮುಖ ಬೇರೆ. ಇದು ಮುಖಕ್ಕೆ ಗೆರೆ ಕೊರೆಯುವ ಪದ್ಧತಿಯು ಬರುವುದಕ್ಕೆ ಮುಂಚಿನದು, ಕೈಯಿಂದ ಬಡಿದು ಮಾಡಿದುದು, ಉಳಿದ ಆರೂ ಸೇರಿ ತರುವ ಹಣವನ್ನು ಇದೊಂದೇ ತರಬಹುದಾಗಿತ್ತು ಎಂದರು. ಹಿಂಬದಿಯಲ್ಲಿ ಹೆಸರಿದ್ದ ಸ್ಥಳದಲ್ಲಿ ಈಗ ಎರಡು ಅಕ್ಷರಗಳ ನೆರಳು ಮಾತ್ರ ಉಳಿದಿತ್ತು. “ಯಾರು ಉಜ್ಜಿದ್ದು?” ಎಂದರು. ನಾನೇ ಎಂದು ಹೇಳಿದೆನು. ಹಳೆಯ ಕಬ್ಬಿಣವನ್ನು ಮೃದುವಾದ ಬಟ್ಟೆಗೆ ತುಸು ಎಣ್ಣೆ ಸೋಕಿಸಿ ಒರೆಸಬೇಕು, ಕಾವಿಗೆ ಅಗಸೆಎಣ್ಣೆ ಸವರಬೇಕು, ಹಿಡಿಯ ಚರ್ಮವು ಸವೆದಿದ್ದರೂ ಬದಲಾಯಿಸಬಾರದು, ದಾರದ ಸುತ್ತನ್ನು ಬಿಚ್ಚಬಾರದು. ಇದಿಷ್ಟನ್ನೂ ಅವರು ಕೋಪವಿಲ್ಲದೆ ತಿಳಿಸಿದರು. ಬೈದಿದ್ದರೆ ವಾಸಿಯಾಗುತ್ತಿತ್ತು.

ಆ ಮುಖವನ್ನು ಹೊತ್ತು ಒಡನೆಯೇ ಊರಿಗೆ ಹಿಂದಿರುಗಲು ಮನಸ್ಸಾಗಲಿಲ್ಲ. ದಾಂಡುಗಳು ಬಂದ ನೆಲವನ್ನಾದರೂ ಕಾಣೋಣವೆಂದು ಬಂಗಾರಪೇಟೆಯ ಮಾರ್ಗವಾಗಿ ಗಣಿಯ ಕಡೆಗೆ ಹೊರಟೆನು. ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ. ಊರುಗಳ ಹೆಸರೇ ಗಣಿಗಳ ಚರಿತ್ರೆ. ಜಾನ್ ಟೇಲರ್ ಕಂಪೆನಿಯು 1880ರಲ್ಲಿ ಇಲ್ಲಿಗೆ ಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದುದು ಇಲ್ಲಿಗೇ, ಬೆಂಗಳೂರಿಗಲ್ಲ. ಚಾಂಪಿಯನ್ ಗಣಿಯು ಮೂರು ಸಾವಿರ ಮೀಟರಿಗೂ ಆಳಕ್ಕಿಳಿದಿತ್ತು. ನೆಲದ ಕೆಳಗೆ ನಮ್ಮವರು ಬೆವರಿಳಿಸುತ್ತಿರಲು ನೆಲದ ಮೇಲೆ ಅಧಿಕಾರಿಗಳು ಕ್ಲಬ್ಬನ್ನು ಕಟ್ಟಿ, ಗಾಲ್ಫ್ ಮೈದಾನವನ್ನು ಮಾಡಿಕೊಂಡರು. ನೀರಿಲ್ಲದ ಇಂಥ ಸೀಮೆಗಳಲ್ಲಿ ಕುಳಿಯ ಸುತ್ತ ಹುಲ್ಲಿನ ಬದಲು ಎಣ್ಣೆ ಬೆರೆಸಿದ ಮರಳನ್ನು ಹರಡಿ ಆಡುತ್ತಿದ್ದುದುಂಟು. ಅದಕ್ಕೆ ಬ್ರೌನ್ ಎಂದೇ ಹೆಸರು.

ಗಣಿಗಳು ಮುಚ್ಚಿದುದು 2001ರ ಫೆಬ್ರವರಿಯಲ್ಲಿ. ಈಗ ಕಾಣುವುದು ಅದಿರಿನ ಪುಡಿಯಿಂದಾದ ಬೋಳುಗುಡ್ಡಗಳು. ಅವಕ್ಕೆ ಜನರು ಸೈನೈಡ್ ದಿಬ್ಬಗಳೆನ್ನುವರು. ಗಾಳಿ ಬೀಸಿದಾಗ ಆ ಪುಡಿಯು ಎದ್ದು ಮನೆಗಳ ಮೇಲೆ ಇಳಿಯುವುದು. ತೊಟ್ಟಿಲನ್ನು ಇಳಿಸುತ್ತಿದ್ದ ಕಬ್ಬಿಣದ ಗೋಪುರಗಳು ತುಕ್ಕುಹಿಡಿದು ನಿಂತಿವೆ. ನೆಲದಡಿಯಲ್ಲಿ ದುಡಿದಿದ್ದ ಒಬ್ಬ ಮುದುಕರು ರೈಲ್ವೆ ನಿಲ್ದಾಣದ ಬೆಂಚಿನ ಮೇಲೆ ನನ್ನ ಚೀಲವನ್ನು ಕಂಡು, ಏನೆಂದು ಕೇಳದೆಯೇ ಗುರುತಿಸಿದರು. “ದೊರೆ ಆಟದ್ದು” ಎಂದು, ಚೆಂಡು ಹೆಕ್ಕಿ ಕೊಟ್ಟುದಕ್ಕೆ ಬಾಲ್ಯದಲ್ಲಿ ತಾವು ಪಡೆದ ನಾಲ್ಕಾಣೆಯ ಕಥೆಯನ್ನು ಹೇಳಿದರು. ಸಾಣೆ ಹಿಡಿಸಿದ ದಾಂಡನ್ನು ಅವರು ಕೈಗೆ ತೆಗೆದುಕೊಂಡು, ತೂಗಿ ನೋಡಿ, “ಚೆನ್ನಾಗಿ ಇಟ್ಟಿದ್ದೀರಿ” ಎಂದರು. ನಾನು ಉತ್ತರಿಸಲಿಲ್ಲ.

ದಾವಣಗೆರೆಗೆ ಬಂದವನು ಎದುರುಮನೆಗೆ ಹೋಗುವ ಧೈರ್ಯವಿಲ್ಲದೆ ಮರುದಿನ ಹರಿಹರಕ್ಕೆ ಹೋದೆನು. ಹರಿಹರೇಶ್ವರನ ಗುಡಿಯಲ್ಲಿರುವ ಶಾಸನದ ಕಲ್ಲುಗಳ ಮುಂದೆ ವಿದ್ಯಾರ್ಥಿಗಳನ್ನು ನಿಲ್ಲಿಸಿ, ಅಕ್ಷರಗಳನ್ನು ಮುಟ್ಟಬೇಡಿ, ಕೆರೆಯಬೇಡಿ ಎಂದು ಗದರಿಸಿದವನು ನಾನೇ. ಕೈಮುಗಿದು ಬಂದು, ಅಂದೇ ಸಂಜೆ ಆಕೆಗೆ ಎಲ್ಲವನ್ನೂ ಹೇಳಿದೆನು. “ತಾಯೀ, ನಷ್ಟವನ್ನು ನಾನು ತುಂಬಿಕೊಡುವೆನು” ಎಂದೆನು.

ಆಕೆಯು ಸ್ವಲ್ಪ ಹೊತ್ತು ಬಳೆಗಳನ್ನು ಮುಂಗೈಯಲ್ಲಿ ತಿರುಗಿಸುತ್ತ ಕುಳಿತಿದ್ದರು. “ನಿಮ್ಮ ಪಿಂಚಣಿಯಾಗ ಏನು ತುಂಬಿಕೊಡ್ತೀರಿ ಮೇಷ್ಟ್ರೇ? ಹುಡುಗಿಗೆ ಸಂಸ್ಕೃತ ಹೇಳಿಕೊಟ್ಟಿರಿ, ದುಡ್ಡು ತಗೊಂಡ್ರಾ?” ಎಂದರು. ಮರುವಾರ ಬಳೆಗಳು ಒತ್ತೆ ಹೋದುವು. ಹುಡುಗಿ ಕಾಲೇಜು ಸೇರಿದಳು. ನಾಲ್ಕು ದಾಂಡುಗಳನ್ನು ಬೆಂಗಳೂರಿನ ವೃದ್ಧರ ಮುಖಾಂತರ ಒಬ್ಬ ಸಂಗ್ರಾಹಕರು ಕೊಂಡರು. ಆ ಹಣವು ಹುಡುಗಿಯ ಪುಸ್ತಕಗಳಿಗೂ ವಸತಿಯ ಮೊದಲ ತಿಂಗಳಿಗೂ ಸರಿಹೋಯಿತು. ವೇಷಧಾರಿ ಉಕ್ಕಿನ ದಾಂಡನ್ನು ಯಾರೂ ಕೇಳಲಿಲ್ಲ. ಅದು ಅವರ ಹಿತ್ತಲಿನಲ್ಲಿ ಪೇರಲೆಯ ಕೊಂಬೆಯನ್ನು ಬಗ್ಗಿಸುತ್ತಿದೆ. ಹೊಗೆಕೊಳವೆಯ ಮುದ್ರೆಯುಳ್ಳುದನ್ನು ಮಾವನವರ ನೆನಪಿಗೆಂದು ಆಕೆ ಉಳಿಸಿಕೊಂಡರು.

ಸಾಣೆ ಹಿಡಿಸಿದುದನ್ನು ನನಗೇ ಕೊಟ್ಟುಬಿಟ್ಟರು. ಅದನ್ನು ತಲೆಕೆಳಗಾಗಿ ಹಿಡಿದು ಬೆಳಗಿನ ಸಂಚಾರಕ್ಕೆ ಊರುಗೋಲಾಗಿ ಬಳಸುತ್ತಿದ್ದೇನೆ. ಉದ್ಯಾನದ ಮಿತ್ರರು ಅದರ ಹೊಳಪನ್ನು ಹೊಗಳುತ್ತಾರೆ. ಹದಿನೈದು ದಿನಕ್ಕೊಮ್ಮೆ ಬಟ್ಟೆಗೆ ಎಣ್ಣೆ ಸೋಕಿಸಿ ಒರೆಸುವಾಗ, ಉಳಿದಿರುವ ಆ ಎರಡು ಅಕ್ಷರಗಳ ಮೇಲೆ ಮಾತ್ರ ಬೆರಳು ತಾಗದಂತೆ ನೋಡಿಕೊಳ್ಳುತ್ತೇನೆ.