ಅಪ್ಪ ಎಲ್ಲಿಗೆ ಬಂದರು?

ಭಾನುವಾರ ರಾತ್ರಿ ಊರಿಗೆ ಫೋನ್ ಮಾಡುವುದು ನನ್ನ ರೂಢಿ. ಮಳೆ ಹೇಗುಂಟು, ಅಡಿಕೆಗೆ ಮದ್ದು ಬಿಟ್ಟಾಯ್ತಾ, ಊಟ ಆಯ್ತಾ... ಮೂರು ನಿಮಿಷಕ್ಕೆ ಅಪ್ಪ-ಮಗನ ಮಾತು ಖಾಲಿ. ಈ ಮಳೆಗಾಲದಲ್ಲಿ ಮಾತ್ರ ಹೊಸ ಪ್ರಶ್ನೆಯೊಂದು ಸೇರಿಕೊಂಡಿದೆ.

"ಈಗ ಎಂತ ಓದ್ತಾ ಇದ್ದಿ?"

ನಾನು ಓದುತ್ತಿದ್ದದ್ದು ನಿರಂಜನರ 'ಚಿರಸ್ಮರಣೆ', ಕಯ್ಯೂರಿನ ರೈತರ ಹೋರಾಟದ ಕಾದಂಬರಿ. ನಿರಂಜನರು ಹುಟ್ಟಿದ್ದು ಸುಬ್ರಹ್ಮಣ್ಯದ ಹತ್ತಿರದ ಕುಳ್ಕುಂದದಲ್ಲಿ ಅಂತ ಗೊತ್ತಾದದ್ದೇ ಅಪ್ಪ ಹೇಳಿದ ಮೇಲೆ. ಆಗ ಆ ಊರಿಗೆ ಕಡಬ ತಾಲೂಕು ಅಂತ ಹೆಸರಿರಲಿಲ್ಲ, ಅಷ್ಟೇ.

ಅಪ್ಪ ಓದುತ್ತಿರುವುದು ಕಾರಂತರ 'ಬೆಟ್ಟದ ಜೀವ'. 1943ರಲ್ಲಿ ಬಂದದ್ದು. ಅಟ್ಟ ಸೋರುತ್ತದೆಂದು ಹಳೇ ಪೆಟ್ಟಿಗೆ ಇಳಿಸಿದಾಗ ಸಿಕ್ಕಿತಂತೆ. ಪುತ್ತೂರಿನಲ್ಲಿ ಪಿಯುಸಿ ಮಾಡಿದ ನಾನು ಕಾರಂತರ ಬಾಲವನಕ್ಕೆ ಹೋಗುತ್ತಿದ್ದದ್ದು ಬರೀ ಈಜುಕೊಳಕ್ಕೆ :-) ಕಾದಂಬರಿ ಓದಿದ್ದು ಬೆಂಗಳೂರಿಗೆ ಬಂದಮೇಲೆ.

ಅಪ್ಪನ ಓದು ತೋಟದವರ ಓದು. ಕಾಡು ಕಡಿದು ಅಡಿಕೆ ತೋಟ ಮಾಡಿದ ಗೋಪಾಲಯ್ಯ ಅವರಿಗೆ ಪಾತ್ರವೇ ಅಲ್ಲ, ಆಚೆ ಮನೆಯವರು. "ಹುಲಿ ಬಂದ್ರೆ ಓಡಿಸ್ಬಹುದು ಮಾರಾಯ, ಹಳದಿ ರೋಗ ಓಡಿಸ್ಲಿಕ್ಕೆ ಆಗ್ತದಾ?" ಅಂದರು ಒಮ್ಮೆ. ಸುಳ್ಯದ ಎಷ್ಟೋ ತೋಟಗಳಂತೆ ನಮ್ಮದೂ ಅರ್ಧ ಬೋಳಾಗಿದೆ.

ಮೂರು ವಾರ ಪುಟಗಳು ಓಡಿದವು. ಆಮೇಲೆ ನಿಂತವು.

"ಎಲ್ಲಿಗೆ ಬಂತು?"

"ಅಲ್ಲೇ ಉಂಟು. ಕನ್ನಡಕ ಸರಿ ಇಲ್ಲ."

ಎಲ್ಲಿ ಅಂತ ನನಗೆ ಗೊತ್ತಾಯಿತು. ಗೋಪಾಲಯ್ಯನ ಮಗ ಶಂಭು ಮನೆ ಬಿಟ್ಟು ಹೋದವನು. ದಾರಿ ತಪ್ಪಿ ಬಂದ ಅತಿಥಿಗೆ ಬಡಿಸುತ್ತ, ಬಡಿಸುತ್ತ ಆ ಮುದುಕರು ಮಗನ ದಾರಿಯನ್ನೇ ಕಾಯುತ್ತಾರೆ.

ನಾನು ಶಂಭು ಅಲ್ಲ, ದುಡ್ಡು ಕಳಿಸ್ತೇನೆ, ದೀಪಾವಳಿಗೆ ಬರ್ತೇನೆ ಅಂತ ಹೇಳಬೇಕೆನಿಸಿತು. ಆದರೆ ಅಪ್ಪ ಕೇಳಿರಲೇ ಇಲ್ಲವಲ್ಲ! ಕಳೆದ ಎರಡು ದೀಪಾವಳಿಗೆ ನಾನು ಹೋಗಿಯೂ ಇರಲಿಲ್ಲ.

"ನನ್ನ ಪುಸ್ತಕ ಮುಗೀತು. ಅದು ಮುಗಿದ್ಮೇಲೆ ನನಗೆ ಬೇಕು" ಅಂದೆ. ಓದಿದ ಪುಸ್ತಕವೇ, ಆದರೂ.

"ಪೋಸ್ಟಲ್ಲಿ ಹಾಕ್ಲಾ?"

"ಬೇಡ. ನಾನೇ ಬಂದು ತಗೊಳ್ತೇನೆ."

ಆ ಕಡೆ ಸ್ವಲ್ಪ ಹೊತ್ತು ಬರೀ ಮಳೆಯ ಸದ್ದು. ಮತ್ತೆ, "ಹಾಗಾದ್ರೆ ಬೇಗ ಮುಗಿಸ್ತೇನೆ" ಅಂದರು.

ಕನ್ನಡಕ ಸರಿಯಾಗಿತ್ತು ಅಂತ ಕಾಣುತ್ತದೆ.

ಶುಕ್ರವಾರ ರಾತ್ರಿಯ ಸುಳ್ಯ ಬಸ್ಸಿಗೆ ಟಿಕೆಟ್ ಮಾಡಿದ್ದೇನೆ. ಊರಲ್ಲಿ ಮಳೆಗೆ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಅಪ್ಪನಿಗೊಂದು, ನನಗೊಂದು ಕಾದಂಬರಿ ಬೇಕು. ನೀವೀಗ ಯಾವುದು ಓದ್ತಾ ಇದ್ದೀರಿ, ಹೇಳಿ.