ಬಿಸಿಲೂರಿಗೆ ಯಾವ ಆಟದ ಡಬ್ಬಿ?

2022ರ ಜುಲೈಯಲ್ಲಿ ಜಪಾನು ಬಿಸಿಲಿಗೆ ಬೆಂದಿತು. ಆಗ ನಿಂಟೆಂಡೊ ಕಂಪನಿ ತನ್ನ ಗಿರಾಕಿಗಳಿಗೆ ಒಂದು ಸೂಚನೆ ಹೊರಡಿಸಿತು: ಸ್ವಿಚ್ ಯಂತ್ರವನ್ನು 5ರಿಂದ 35 ಡಿಗ್ರಿ ಸೆಲ್ಸಿಯಸ್ ಇರುವ ಕಡೆಯಷ್ಟೇ ಆಡಿ. ಅದೇ ತಿಂಗಳು ಅಮೆರಿಕದ ವಾಲ್ವ್ ಕಂಪನಿಯೂ ತನ್ನ ಸ್ಟೀಮ್ ಡೆಕ್ ಬಗ್ಗೆ ಎಚ್ಚರಿಸಿತು. ಸುತ್ತಲಿನ ಬಿಸಿ 35 ದಾಟಿದರೆ ಯಂತ್ರ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳಬಹುದು ಎಂದಿತು. ಕಲಬುರಗಿ ಸೀಮೆಯ ಶಹಾಬಾದಿನಲ್ಲೋ ಸೇಡಂನಲ್ಲೋ ಕೂತು ಇದನ್ನು ಓದಿದವರಿಗೆ ನಗು ಬಂದೀತು. ಇಲ್ಲಿ ಮಾರ್ಚಿ ಮುಗಿಯುವುದರೊಳಗೆ 35 ಹಿಂದೆ ಬಿದ್ದಿರುತ್ತದೆ. ಮೇ ತಿಂಗಳಲ್ಲಿ 42, 43 ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಶಾಲೆಗೆ ಸೂಟಿ ಬಿಟ್ಟು, ಹುಡುಗರಿಗೆ ಆಡಲು ಹೊತ್ತಿರುವ ಎರಡು ತಿಂಗಳೇ ಕಂಪನಿಗಳ ಲೆಕ್ಕದಲ್ಲಿ ಆಡಬಾರದ ತಿಂಗಳುಗಳು.

ಕೈಯಲ್ಲಿ ಹಿಡಿದು ಆಡುವ ಯಂತ್ರದ ಹೊಸ ಆವೃತ್ತಿ ಬಂದಾಗಲೆಲ್ಲ ವಿಮರ್ಶೆಗಳು ಪರದೆಯ ಅಗಲ, ಬಣ್ಣದ ಹೊಳಪು, ಸೆಕೆಂಡಿಗೆ ಎಷ್ಟು ಚೌಕಟ್ಟು ಎಂದು ಅಳೆಯುತ್ತವೆ. ಆ ಅಳತೆ ಟೋಕಿಯೊದ್ದು, ಸಿಯಾಟಲ್‌ನದು. ಈ ಸೀಮೆಯ ತೊಗರಿ ರೈತ ಹೊಸ ತಳಿಯನ್ನು ಹಾಗೆ ನೋಡುವುದಿಲ್ಲ. ಕಲಬುರಗಿಯ ಸಂಶೋಧನಾ ಕೇಂದ್ರದ ಟಿಎಸ್-3ಆರ್ ಬಂದಾಗ ಅವನು ಕೇಳಿದ್ದು ಕಾಳಿನ ಬಣ್ಣವನ್ನಲ್ಲ; ನೆಟೆ ರೋಗ ತಡೆಯುತ್ತದೆಯೇ ಎಂದು. ಆಟದ ಯಂತ್ರಕ್ಕೂ ಇಲ್ಲಿಯ ನೆಟೆ ರೋಗಗಳಿವೆ: ಬಿಸಿಲು, ಧೂಳು, ಕೈಕೊಡುವ ಕರೆಂಟು ಮತ್ತು ಕೆಟ್ಟರೆ ಹೋಗಬೇಕಾದ ದೂರ.

ಧೂಳಿನ ಮಾತು ಮೊದಲು. ವಾಡಿ, ಮಳಖೇಡ, ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆಗಳು. ಶಹಾಬಾದ್, ಚಿತ್ತಾಪುರ ಸುತ್ತ ಫರ್ಸಿ ಕಲ್ಲಿನ ಗಣಿಗಳು, ಕಲ್ಲು ಕೊಯ್ದು ನಯಮಾಡುವ ಘಟಕಗಳು. ಬೆಳಿಗ್ಗೆ ಒರೆಸಿದ ಟಿ.ವಿ. ಮೇಲೆ ಸಂಜೆಗೆ ಬೆರಳಿನಿಂದ ಹೆಸರು ಬರೆಯಬಹುದಾದ ಊರುಗಳಿವು. ಈಗ ಸ್ವಿಚ್‌ನ ಪ್ರಖ್ಯಾತ ಕಾಯಿಲೆಯನ್ನು ನೆನೆಯಿರಿ. 2017ರ ಮಾರ್ಚ್ 3ರಂದು ಬಿಡುಗಡೆಯಾದ ಆ ಯಂತ್ರದ ಹೆಬ್ಬೆರಳ ಕಡ್ಡಿ ಕೆಲವು ಕಾಲದ ಬಳಕೆಯ ನಂತರ, ಯಾರೂ ಮುಟ್ಟದಿದ್ದರೂ, ಆಟದಲ್ಲಿರುವವನನ್ನು ಒಂದು ಕಡೆಗೆ ಎಳೆಯತೊಡಗುತ್ತಿತ್ತು. ಕಡ್ಡಿಯ ಬುಡದಲ್ಲಿ ಲೋಹದ ತುದಿಯೊಂದು ಇಂಗಾಲದ ಪಟ್ಟಿಯ ಮೇಲೆ ಉಜ್ಜುತ್ತಾ ಓಡಾಡುತ್ತದೆ. ಪಟ್ಟಿ ಸವೆದರೆ, ನಡುವೆ ಧೂಳು ಕೂತರೆ ಲೆಕ್ಕ ತಪ್ಪುತ್ತದೆ. ದೂರು ಎಷ್ಟು ಬೆಳೆಯಿತೆಂದರೆ 2020ರ ಜೂನಿನಲ್ಲಿ ಕಂಪನಿಯ ಅಧ್ಯಕ್ಷ ಶುಂಟಾರೊ ಫುರುಕಾವಾ ಕ್ಷಮೆ ಕೇಳಬೇಕಾಯಿತು. ಧೂಳು ಕಡಿಮೆಯಿರುವ ದೇಶಗಳ ಕಥೆ ಇದು!

ಇದಕ್ಕೆ ಮದ್ದಿಲ್ಲವೆಂದಲ್ಲ. ಉಜ್ಜುವ ಪಟ್ಟಿಯ ಬದಲು ಅಯಸ್ಕಾಂತದಿಂದ ಚಲನೆ ಗುರುತಿಸುವ ಹಾಲ್ ಎಫೆಕ್ಟ್ ಕಡ್ಡಿಗಳಿವೆ. ಒಂದಕ್ಕೊಂದು ತಾಗದ ಕಾರಣ ಸವೆತವಿಲ್ಲ. ಲೆನೊವೊದ ಲೀಜನ್ ಗೋ, ಎಂಎಸ್‌ಐನ ಕ್ಲಾ ಯಂತ್ರಗಳಲ್ಲಿ ಅವೇ ಇವೆ. 2025ರ ಜೂನ್ 5ರಂದು ಬಂದ ಸ್ವಿಚ್ 2ರಲ್ಲಿಯೂ ಇರುತ್ತವೆ ಎಂದು ಜನ ಕಾದರು. ಇಲ್ಲ. ಕಡ್ಡಿಯನ್ನು ಹೊಸದಾಗಿ ವಿನ್ಯಾಸ ಮಾಡಿದ್ದೇವೆ, ಆದರೆ ಹಾಲ್ ಎಫೆಕ್ಟ್ ಅಲ್ಲ ಎಂದು ಕಂಪನಿಯೇ ಹೇಳಿತು. ಪರದೆ 6.2 ಇಂಚಿನಿಂದ 7.9ಕ್ಕೆ ಬೆಳೆಯಿತು, ಸಂಗ್ರಹ 32 ಜಿಬಿಯಿಂದ 256ಕ್ಕೆ ಏರಿತು, ಎಂಟು ವರ್ಷ ಗೋಳು ಹೊಯ್ದುಕೊಂಡ ಕಡ್ಡಿಯ ಒಳಗೆ ಮಾತ್ರ ಅದೇ ಹಳೆಯ ಉಜ್ಜಾಟ. ವಾಡಿಯ ಗಿರಾಕಿ ಮೊದಲು ಓದಬೇಕಾದ ಸಾಲು ಇದು.

ಧೂಳನ್ನು ಮುಂಚಿತವಾಗಿ ಯೋಚಿಸಿದ ಯಂತ್ರ ಬಂದೇ ಇಲ್ಲವೆ? ಬಂದಿತ್ತು. ಅದರ ಹೆಸರು ನೋಕಿಯಾ 1100. 2003ರ ಆ ಫೋನನ್ನು ಭಾರತದಂಥ ದೇಶಗಳಿಗೆಂದೇ ರೂಪಿಸಿದ್ದರು: ಧೂಳು ಹೋಗದಂತೆ ಒಂದೇ ಹಾಳೆಯ ರಬ್ಬರ್ ಕೀಲಿಗಳು, ಬೆವರಿದ ಕೈಯಿಂದ ಜಾರದ ಅಂಚು, ತಲೆಯಲ್ಲಿ ಟಾರ್ಚು. ಒಳಗೆ ಹಾವಿನ ಆಟ. ಇಪ್ಪತ್ತೈದು ಕೋಟಿ ಮಾರಾಟವಾದ ಈ ಸಾಧನವನ್ನು ಯಾರೂ ಆಟದ ಯಂತ್ರವೆಂದು ಕರೆಯಲಿಲ್ಲ, ಆದರೆ ಕರೆಂಟು ಹೋದ ರಾತ್ರಿ ಫರ್ಸಿ ಹಾಸಿದ ಅಂಗಳದಲ್ಲಿ ಹಾವು ಬೆಳೆಸುತ್ತಾ ಕೂತವರಿಗೆ ಅದು ಮತ್ತೇನು? ಅದೇ ಹೊತ್ತಿಗೆ, 2003ರ ಅಕ್ಟೋಬರಿನಲ್ಲಿ, ನೋಕಿಯಾ ಎನ್-ಗೇಜ್ ಎಂಬ ನಿಜವಾದ ಆಟದ ಫೋನನ್ನೂ ಬಿಟ್ಟಿತು. ಆಟ ಬದಲಿಸಲು ಬ್ಯಾಟರಿ ಬಿಚ್ಚಬೇಕು, ಮಾತಾಡಲು ಫೋನಿನ ಅಂಚನ್ನು ಕಿವಿಗೆ ಹಿಡಿಯಬೇಕು. ಮರುವರ್ಷದ ಕ್ಯೂಡಿ ಆವೃತ್ತಿ ಎರಡನ್ನೂ ಸರಿಮಾಡಿತು; ಅಷ್ಟರಲ್ಲಿ ಜನ ನಕ್ಕು ಮುಗಿಸಿದ್ದರು.

1100ರ ಬಿಎಲ್-5ಸಿ ಬ್ಯಾಟರಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಜಾತ್ರೆಗಳಲ್ಲಿ, ಮೊಬೈಲ್ ಅಂಗಡಿಗಳಲ್ಲಿ ‘400 ಆಟ’ ಎಂದು ಮಾರುವ, ಗೇಮ್ ಬಾಯ್‌ನ ಮುಖ ಹೊತ್ತ ಅಗ್ಗದ ಚೀನೀ ಡಬ್ಬಿಗಳಿವೆಯಲ್ಲ, ಅವುಗಳ ಬೆನ್ನು ತೆರೆದರೆ ಕೂತಿರುವುದು ಅದೇ ಬಿಎಲ್-5ಸಿ. ಡಬ್ಬಿಯೊಳಗಿನ ಆಟಗಳಿಗೆ ಹಕ್ಕುಸ್ವಾಮ್ಯದ ಕಾಗದವಿಲ್ಲ, 400ರಲ್ಲಿ ಎಷ್ಟೋ ಆಟಗಳು ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತವೆ, ಗುಂಡಿಗಳ ಮೇಲೆ ಭರವಸೆ ಇಡುವಂತಿಲ್ಲ. ಇಷ್ಟೆಲ್ಲ ದೋಷವಿದ್ದೂ ಒಂದು ಗುಣವುಂಟು: ಬ್ಯಾಟರಿ ಸತ್ತರೆ ಚಿಂಚೋಳಿಯ ಸಂತೆಯಲ್ಲೂ ಇನ್ನೊಂದು ಸಿಕ್ಕೀತು, ಹಾಕಲು ಉಗುರು ಸಾಕು. ಲಕ್ಷದ ಹತ್ತಿರ ಬೆಲೆಯ ಯಂತ್ರಗಳಿಗೆ ಈ ಸುಖವಿಲ್ಲ. ಅದಕ್ಕೂ ಹಿಂದಿನ ಜಾತ್ರೆಯ ಸರಕು ಇನ್ನೂ ಗಟ್ಟಿ. ನೀರು ತುಂಬಿದ ಪ್ಲಾಸ್ಟಿಕ್ ಪೆಟ್ಟಿಗೆ, ಗುಂಡಿ ಒತ್ತಿದರೆ ಬಣ್ಣದ ಬಳೆಗಳು ಮೇಲೆದ್ದು ಕಡ್ಡಿಗೆ ಸಿಗಬೇಕು. ಜಪಾನಿನ ಟೋಮಿ ಕಂಪನಿ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಈ ಆಟಕ್ಕೆ 43 ಡಿಗ್ರಿಯೂ ಒಂದೇ, 20 ಡಿಗ್ರಿಯೂ ಒಂದೇ.

ಚಾರ್ಜಿನ ವಿಚಾರಕ್ಕೆ ಈ ಸೀಮೆಯಲ್ಲೇ ಒಂದು ಒಳ್ಳೆಯ ಅಳತೆಗೋಲಿದೆ: ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿಗೆ ಹೋಗುವ ಹಳಿ. ನಿಜಾಮರ ಕಾಲದಲ್ಲಿ, 1874ರಲ್ಲಿ, ತೆರೆದ ದಾರಿ. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು, ವಿಕಾರಾಬಾದ್ ದಾಟಿ ಹೈದರಾಬಾದ್ ಮುಟ್ಟಲು ಮೂರ್ನಾಲ್ಕು ತಾಸು. ಜನರಲ್ ಬೋಗಿಯಲ್ಲಿ ಪ್ಲಗ್ಗಿನ ಭರವಸೆ ಬೇಡ. 2017ರ ಮೊದಲ ಸ್ವಿಚ್‌ಗೆ ಕಂಪನಿ ಹೇಳಿದ ಬ್ಯಾಟರಿ ಅವಧಿ ಎರಡೂವರೆಯಿಂದ ಆರೂವರೆ ತಾಸು. 2019ರಲ್ಲಿ ಸದ್ದಿಲ್ಲದೆ ಒಳಗಿನ ಚಿಪ್ಪನ್ನು ಬದಲಿಸಿದರು. ಹೊರಗಿನ ರೂಪ ಅದೇ, ಹೆಸರು ಅದೇ. ಪೆಟ್ಟಿಗೆಗೆ ಮಾತ್ರ ಪೂರ್ತಿ ಕೆಂಪು ಬಣ್ಣ. ಅವಧಿ ನಾಲ್ಕೂವರೆಯಿಂದ ಒಂಬತ್ತು ತಾಸಿಗೆ ಏರಿತು. ಡಂಗುರ ಹೊಡೆಯದೆ ಬಂದ ಈ ಆವೃತ್ತಿಯೇ ಇಡೀ ಸ್ವಿಚ್ ವಂಶದಲ್ಲಿ ಹಣಕ್ಕೆ ಹೆಚ್ಚು ಬೆಲೆ ಕೊಟ್ಟದ್ದು ಎಂದರೆ ತಪ್ಪಾಗದು. 2021ರ ಅಕ್ಟೋಬರಿನಲ್ಲಿ 7 ಇಂಚಿನ ಒಎಲ್ಇಡಿ ಪರದೆಯ ಸ್ವಿಚ್ ಸಡಗರದಿಂದ ಬಂತು. ಆಟದ ವೇಗವಾಗಲಿ ಬ್ಯಾಟರಿಯ ಅವಧಿಯಾಗಲಿ ಕೂದಲೆಳೆಯಷ್ಟೂ ಹೆಚ್ಚಲಿಲ್ಲ. ಇನ್ನು ಸ್ವಿಚ್ 2ರದು ಎರಡರಿಂದ ಆರೂವರೆ ತಾಸು. ಅಂದರೆ ಭಾರದ ಆಟ ಹಚ್ಚಿ ವಾಡಿಯಲ್ಲಿ ಕೂತರೆ ವಿಕಾರಾಬಾದಿನ ಹೊತ್ತಿಗೆ ಪರದೆ ಕಪ್ಪು. ಹಳೆಯದು ಹೈದರಾಬಾದ್ ಮುಟ್ಟಿಸುತ್ತದೆ, ಹೊಸದು ಮುಟ್ಟಿಸದೇ ಹೋಗಬಹುದು!

ಇದು ಹಳೆಯ ಜಗಳವೇ. 1989ರಲ್ಲಿ ಬಂದ ಗೇಮ್ ಬಾಯ್‌ಗೆ ಬಣ್ಣವಿರಲಿಲ್ಲ, ಹಿಂಬೆಳಕಿರಲಿಲ್ಲ. ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ದಿನಗಟ್ಟಲೆ ಆಡಬಹುದಿತ್ತು. ಪ್ರತಿಸ್ಪರ್ಧಿ ಸೇಗಾದ ಗೇಮ್ ಗಿಯರ್‌ಗೆ ಬಣ್ಣವಿತ್ತು, ಬೆಳಕಿತ್ತು, ಆರು ಸೆಲ್ಲುಗಳನ್ನು ಕೆಲವೇ ತಾಸಿನಲ್ಲಿ ನುಂಗುವ ಹಸಿವೂ ಇತ್ತು. ಗೇಮ್ ಬಾಯ್ ಮತ್ತು ಅದರ ಬಣ್ಣದ ತಮ್ಮ ಕೂಡಿ 11 ಕೋಟಿ 80 ಲಕ್ಷ ದಾಟಿದವು. ಸೇಗಾದ್ದು ಒಂದು ಕೋಟಿಯ ಆಸುಪಾಸಿನಲ್ಲಿ ನಿಂತಿತು. ಗೇಮ್ ಬಾಯ್ ರೂಪಿಸಿದ ಗುನ್‌ಪೆ ಯೊಕೊಯಿ ಹಳತಾಗಿ ಅಗ್ಗವಾದ, ಪಳಗಿದ ತಂತ್ರಜ್ಞಾನವನ್ನೇ ಹೊಸ ಕೆಲಸಕ್ಕೆ ಹಚ್ಚಬೇಕೆಂಬ ಹಟದ ಮನುಷ್ಯ. ಚಿತ್ತಾಪುರದ ಯಾವ ರೇಡಿಯೊ ಮೆಕ್ಯಾನಿಕನೂ ಅವನ ಮಾತಿಗೆ ತಲೆಯಾಡಿಸುತ್ತಿದ್ದ.

ಸೋನಿಯವರೂ ಒಮ್ಮೆ ಹೀಗೆ ಬುದ್ಧಿವಂತಿಕೆಯ ಹೆಜ್ಜೆ ಇಟ್ಟಿದ್ದರು. ವೀಟಾ ಎಂಬ ತಮ್ಮ ಕೈಯಂತ್ರದ 2013ರ ಆವೃತ್ತಿಯಲ್ಲಿ ಒಎಲ್ಇಡಿ ಪರದೆ ತೆಗೆದು ಸಾಮಾನ್ಯ ಎಲ್‌ಸಿಡಿ ಹಾಕಿದಾಗ ಬೈಗುಳ ಬಂತು. ಆದರೆ ಯಂತ್ರ ಹಗುರಾಯಿತು, ಬ್ಯಾಟರಿ ಹೆಚ್ಚು ನಿಂತಿತು, ಕಂಪನಿಯದೇ ಬೇರೆ ವೈರಿನ ಬದಲು ಯಾವ ಫೋನಿನ ಮೈಕ್ರೊ ಯುಎಸ್‌ಬಿ ಚಾರ್ಜರೂ ನಡೆಯಿತು. ಅದೇ ಸೋನಿ ಪಿಎಸ್‌ಪಿ ಗೋ ಮಾಡಿ, ಡಿಸ್ಕಿನ ಕಿಂಡಿಯನ್ನೇ ಕಿತ್ತು ಹಾಕಿ, ಜನರ ಮನೆಯಲ್ಲಿದ್ದ ಡಿಸ್ಕುಗಳನ್ನೆಲ್ಲ ಕೆಲಸಕ್ಕೆ ಬಾರದಂತೆ ಮಾಡಿದ್ದು 2009ರಲ್ಲಿ. ಈಗಿನ ಪ್ಲೇಸ್ಟೇಷನ್ ಪೋರ್ಟಲ್ ಭಾರತಕ್ಕೆ ಬಂದದ್ದು 2024ರ ಸೆಪ್ಟೆಂಬರಿನಲ್ಲಿ, 18,990 ರೂಪಾಯಿಗೆ. ಬೆಲೆ ನೋಡಿ ಕೈ ಚಾಚುವ ಮೊದಲು ತಿಳಿಯಬೇಕಾದ್ದು: ಅದರೊಳಗೆ ಆಟ ನಡೆಯುವುದಿಲ್ಲ. ಮನೆಯಲ್ಲಿರುವ ಪಿಎಸ್5ರಲ್ಲಿ ನಡೆಯುವ ಆಟವನ್ನು ವೈಫೈ ಮೂಲಕ ತೋರಿಸುವುದೇ ಅದರ ಮುಖ್ಯ ಕೆಲಸ. ಕನಿಷ್ಠ 5 ಎಂಬಿ‌ಪಿಎಸ್ ವೇಗ ಬೇಕು, 15 ಇದ್ದರೆ ಚೆಂದ. ಸಿಗ್ನಲ್ಲಿಗಾಗಿ ದಿನ್ನೆ ಹತ್ತಬೇಕಾದ ಚಿಂಚೋಳಿ ಕಾಡಿನಂಚಿನ ತಾಂಡಾಗಳಲ್ಲಿ ಅದು 18,990 ರೂಪಾಯಿಯ ಕನ್ನಡಿ.

ಇಂಟರ್‌ನೆಟ್ಟಿನ ಹಂಗು ಸ್ವಿಚ್ 2ಕ್ಕೂ ಅಂಟಿದೆ. ಅದರ ಎಷ್ಟೋ ಕಾರ್ಟ್ರಿಜ್ಜುಗಳಲ್ಲಿ ಆಟವೇ ಇಲ್ಲ, ಆಟದ ಕೀಲಿ ಮಾತ್ರ ಇದೆ. ಹಾಕಿದ ಮೇಲೆ ಪೂರ್ತಿ ಆಟವನ್ನು ಇಳಿಸಿಕೊಳ್ಳಬೇಕು. ಗೆಳೆಯನಿಂದ ಎರವಲು ತಂದರೂ ಹತ್ತಾರು ಜಿಬಿ ಡೇಟಾ ಸ್ವಂತದ್ದೇ. ಹಳೆಯ ಮೆಮೊರಿ ಕಾರ್ಡಿನಲ್ಲಿ ಆಟ ಇಡೋಣವೆಂದರೆ ಅದೂ ಆಗದು, ಮೈಕ್ರೊಎಸ್‌ಡಿ ಎಕ್ಸ್‌ಪ್ರೆಸ್ ಎಂಬ ದುಬಾರಿ ಜಾತಿಯದೇ ಬೇಕು.

ಬಿಸಿ ನುಂಗಿದ ಯಂತ್ರದ ಉದಾಹರಣೆ ಬೇಕಿದ್ದರೆ ಆಸುಸ್‌ನ ಆರ್‌ಒಜಿ ಅಲೈ ಇದೆ. 2023ರ ಜುಲೈಯಲ್ಲಿ ಭಾರತದಲ್ಲಿ 69,990 ರೂಪಾಯಿಗೆ ಮಾರಾಟಕ್ಕಿಟ್ಟ ಅದರಲ್ಲಿ ಮೆಮೊರಿ ಕಾರ್ಡಿನ ಕಿಂಡಿ ಬಿಸಿಗಾಳಿ ಹೊರಬರುವ ಜಾಗಕ್ಕೆ ಅಂಟಿಕೊಂಡಿತ್ತು. ಕಾದಾಗ ಕಾರ್ಡ್ ಓದುವುದು ನಿಲ್ಲಬಹುದೆಂದು ಕಂಪನಿಯೇ ಒಪ್ಪಿತು. ಮರುವರ್ಷದ ಅಲೈ ಎಕ್ಸ್‌ನಲ್ಲಿ ಕಿಂಡಿಯನ್ನು ಸರಿಸಿದರು, ಬ್ಯಾಟರಿಯನ್ನು 40ರಿಂದ 80 ವ್ಯಾಟ್-ಅವರ್‌ಗೆ, ನೆಟ್ಟಗೆ ದುಪ್ಪಟ್ಟು, ಏರಿಸಿದರು. ಸ್ಟೀಮ್ ಡೆಕ್‌ನ 2023ರ ಒಎಲ್ಇಡಿ ಆವೃತ್ತಿಯೂ ಹೀಗೇ: ದೊಡ್ಡ ಫ್ಯಾನು, 40ರ ಬದಲು 50 ವ್ಯಾಟ್-ಅವರ್, ತೂಕ ಮಾತ್ರ ಇಳಿಕೆ. ಹೊಸ ಆವೃತ್ತಿ ಎಂಬ ಹೆಸರಿಗೆ ಯೋಗ್ಯವಾದವು ಇವೆರಡು.  

ಕೊನೆಗೆ ಅಂಗಡಿಯ ಕಟ್ಟೆಗೆ ಬರೋಣ. ಇಲ್ಲಿ ಹಿರಿಯರು ಏನನ್ನು ಕೊಳ್ಳುವಾಗಲೂ ಕೇಳುವ ಪ್ರಶ್ನೆ ಒಂದೇ: “ಕೆಟ್ರ ಯಾರ್ ಮಾಡ್ತಾರ್ರೀ? ಸಾಮಾನ ಸಿಗ್ತದೇನು?” ನಿಂಟೆಂಡೊ ಭಾರತದಲ್ಲಿ ಅಧಿಕೃತವಾಗಿ ಮಾರುವುದಿಲ್ಲ, ವಾಲ್ವ್ ಸ್ಟೀಮ್ ಡೆಕ್ಕನ್ನೂ ಇಲ್ಲಿ ಮಾರುವುದಿಲ್ಲ. ಬರುವುದೆಲ್ಲ ಹೊರದೇಶದ ಬಂಧುಗಳ ಸೂಟ್‌ಕೇಸಿನಲ್ಲಿ, ಇಲ್ಲವೆ ಹೈದರಾಬಾದ್, ಮುಂಬೈಗಳ ಆಮದು ಅಂಗಡಿಗಳ ಮೂಲಕ. ಹಾಗಾಗಿ ವಾರಂಟಿ ಎಂದರೆ ಊರಿನ ಮೊಬೈಲ್ ರಿಪೇರಿಯವನ ಕೈಗುಣವೇ. ಅವನಿಗೆ ಸ್ಟೀಮ್ ಡೆಕ್ ಸಲೀಸು: ಸಾಧಾರಣ ಸ್ಕ್ರೂಗಳು, ಬಿಡಿಭಾಗಗಳು ಮಾರಾಟಕ್ಕಿವೆ, ಐಫಿಕ್ಸಿಟ್ ಎಂಬ ರಿಪೇರಿ ಸಂಸ್ಥೆ ಅದರ ಒಎಲ್ಇಡಿ ಆವೃತ್ತಿಗೆ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟಿತು. ಬ್ಯಾಟರಿಯನ್ನು ಅಂಟು ಹಚ್ಚಿ ಕೂರಿಸಿದ ಸ್ವಿಚ್ 2ಕ್ಕೆ ಬಂದದ್ದು ಮೂರು.

ಹೊಸದು ಬಂದರೆ ಹಳೆಯದು ಅಗ್ಗವಾಗುತ್ತದೆಂದು ಕಾಯುವವರಿಗೂ ಈ ಸಲ ನಿರಾಸೆ: 2025ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಹಳೆಯ ಸ್ವಿಚ್‌ಗಳ ಬೆಲೆಯನ್ನೇ ಏರಿಸಿದರು. ಸೆಕೆಂಡ್ ಹ್ಯಾಂಡ್ ಸ್ವಿಚ್ 2 ಕೊಳ್ಳುವವರು ಅಂಗಡಿಯಲ್ಲೇ ಇಂಟರ್‌ನೆಟ್ಟಿಗೆ ಹಚ್ಚಿ ನೋಡಬೇಕು. ಕಳ್ಳ ನಕಲಿನ ಕಾರ್ಟ್ರಿಜ್ ಹಾಕಿದ ಯಂತ್ರಗಳನ್ನು ಕಂಪನಿ ದೂರದಿಂದಲೇ ಬಹಿಷ್ಕರಿಸುತ್ತದೆ, ಶಿಕ್ಷೆ ಮಾತ್ರ ಮುಂದೆ ಕೊಂಡವನಿಗೆ.

ಹಾಗಾದರೆ ಯಾವುದು? ಮನೆಯಲ್ಲಿ 2019ರ ನಂತರದ ಸ್ವಿಚ್ ಇದ್ದವರು ಬದಲಿಸುವುದು ಬೇಡ. ಬಾಯಿಕಟ್ಟುವ ಚೀಲವೊಂದನ್ನು ಹೊಲಿಸಿ ಧೂಳಿನಿಂದ ಕಾಪಾಡಿದರೆ ಸಾಕು. ದೊಡ್ಡ ಆಟಗಳು ಬೇಕು, ಹಣವಿದೆ ಎನ್ನುವವರಿಗೆ ಸ್ಟೀಮ್ ಡೆಕ್‌ನ ಒಎಲ್ಇಡಿ, ಇಲ್ಲಿಯೇ ಬಿಲ್ಲು-ವಾರಂಟಿ ಬೇಕೆಂದರೆ ಅಲೈ ಎಕ್ಸ್. ಪೋರ್ಟಲ್ ಈ ಕಡೆಯ ಬಹುಪಾಲು ಮನೆಗಳಿಗೆ ಅಲ್ಲವೇ ಅಲ್ಲ. ಸ್ವಿಚ್ 2ರ ಮೇಲೆ ಮನಸ್ಸಿಟ್ಟವರಿಗೆ ಅವಸರ ಇಲ್ಲದಿದ್ದರೆ ಕಾಯುವುದು ಮೇಲು. ಏಕೆಂದರೆ 2027ರ ಫೆಬ್ರವರಿ 18ರಿಂದ ಯುರೋಪಿನ ಒಕ್ಕೂಟದಲ್ಲಿ ಮಾರುವ ಇಂಥ ಯಂತ್ರಗಳ ಬ್ಯಾಟರಿಯನ್ನು ಬಳಕೆದಾರರೇ ಬಿಚ್ಚಿ ಬದಲಿಸುವಂತಿರಬೇಕೆಂಬ ಕಾನೂನು ಜಾರಿಗೆ ಬರಲಿದೆ.